ಹೀರೋನ ಬೆನ್ನ ಹಿಂದೆ ನಿಂತು ಗುಂಡು ಹಾರಿಸುದು ಅಂದ್ರೆ ಎಂತ? ಸಿನಿಮಾದಿಂದ ಹುಟ್ಟಿದ ಶೂಟರ್ ಗೇಮ್ ಬಗ್ಗೆ ಬುಡದಿಂದ

ಮೊನ್ನೆ ಬೆಳಿಗ್ಗೆ ಆರೂವರೆಗೆ ವಾಟ್ಸಾಪ್ಪಲ್ಲಿ ಡಿಸಿ ರಜೆ ಕೊಟ್ಟ ಮೆಸೇಜ್ ಬಂತು, ಮಳೆ ಅಂದ್ರೆ ಅಂಥಾ ಮಳೆ, ಮಲ್ಪೆಯಲ್ಲಿ ಅಕ್ಕನ ಮನೆ ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು. ಟ್ರಾಲಿಂಗ್ ಬ್ಯಾನ್ ಟೈಮ್ ಬೇರೆ, ಮೀನಿನ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಹಾಗಾಗಿ ಭಾವ ಕೂಡ ಮನೆಯಲ್ಲೇ. ಅಕ್ಕನ ಮಗ ಸೆಕೆಂಡ್ ಪಿಯುಸಿ, ರಜೆ ಸಿಕ್ಕಿದ ಕೂಡಲೇ ಕಂಪ್ಯೂಟರ್ ಆನ್ ಮಾಡಿ ಒಂದು ಹಳೇ ಗೇಮ್ ಹಾಕಿ ಕೂತ. ಭಾವ ಚಾ ಕುಡೀತಾ ಹಿಂದೆ ನಿಂತು ಐದು ನಿಮಿಷ ನೋಡಿ ನನ್ನ ಹತ್ರ ಕೇಳಿದ್ರು, "ಇದೆಂತ ಮಾರಾಯ, ಸಿನಿಮಾ ನೋಡುದಾ ಇವ, ಆಟ ಆಡುದಾ?" 

ಪ್ರಶ್ನೆ ಸರಿಯಾಗಿಯೇ ಉಂಟು. ಯಾಕಂದ್ರೆ ಅವ ಹಾಕಿದ್ದು ಸ್ಟ್ರಾಂಗಲ್‌ಹೋಲ್ಡ್ ಅಂತ 2007ರ ಗೇಮ್, ಅದು ಒಂದು ಸಿನಿಮಾದ ಮುಂದಿನ ಭಾಗ. ನಮ್ಮ ಕಡೆ ಎಲ್ಲಾ ಮನೆಯಲ್ಲೂ ಈಗ ಒಂದಲ್ಲ ಒಂದು ಶೂಟಿಂಗ್ ಗೇಮ್ ಉಂಟು, ಆಡುವ ಮಕ್ಕಳಿಗೆ ಪೂರಾ ಗೊತ್ತು, ಹಿಂದೆ ನಿಂತು ನೋಡುವ ಅಪ್ಪ ಅಮ್ಮಂದಿರಿಗೆ ಎಂತ ನಡೀತಾ ಉಂಟು ಅಂತಲೇ ಗೊತ್ತಾಗುದಿಲ್ಲ. ಅವತ್ತು ಭಾವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೀತಿದ್ದೇನೆ.

ಥರ್ಡ್ ಪರ್ಸನ್ ಅಂದ್ರೆ ಯಾರು?

ಶೂಟರ್ ಅಂದ್ರೆ ಗುರಿ ಇಟ್ಟು ಗುಂಡು ಹೊಡೆಯುದೇ ಮುಖ್ಯ ಕೆಲಸ ಆಗಿರುವ ಗೇಮ್. ಅದರಲ್ಲಿ ಎರಡು ಜಾತಿ.

ಮಂಗಳೂರಿನ ಸ್ಟೇಟ್ ಬ್ಯಾಂಕ್ ಸ್ಟಾಪಿನಿಂದ ಸುರತ್ಕಲ್ಲಿಗೆ ಹೋಗುವ ಸಿಟಿ ಬಸ್ಸು ನೆನಪು ಮಾಡಿ. ನೀವೇ ಡ್ರೈವರ್ ಸೀಟಲ್ಲಿ ಕೂತ್ರೆ ಕಾಣುದು ಸ್ಟೇರಿಂಗು, ನಿಮ್ಮ ಎರಡು ಕೈ, ಎದುರಿನ ರಸ್ತೆ. ನಿಮ್ಮ ಮುಖ ನಿಮಗೆ ಕಾಣುದಿಲ್ಲ. ಇದು ಫಸ್ಟ್ ಪರ್ಸನ್. ಸೀಟು ಸಿಗದೆ ಡ್ರೈವರಿನ ಹಿಂದಿನ ಕಂಬ ಹಿಡ್ಕೊಂಡು ನಿಂತ್ರೆ ಡ್ರೈವರಿನ ತಲೆ, ಭುಜ, ಕೈ, ಅದರಾಚೆ ರಸ್ತೆ, ಎಡಬದಿಯಲ್ಲಿ ನುಗ್ಗುವ ಸ್ಕೂಟರು ಎಲ್ಲಾ ಕಾಣ್ತದೆ. ಇದು ಥರ್ಡ್ ಪರ್ಸನ್. ಒಂದೇ ವ್ಯತ್ಯಾಸ ಅಂದ್ರೆ ಗೇಮಿನಲ್ಲಿ ಹಿಂದೆ ನಿಂತವನ ಕೈಯಲ್ಲೇ ಸ್ಟೇರಿಂಗ್ ಕೂಡ ಇರ್ತದೆ.

ನಮ್ಮಲ್ಲಿ ಹೆಚ್ಚಿನವರು ನೋಡಿದ ಥರ್ಡ್ ಪರ್ಸನ್ ಶೂಟರ್ ಪಬ್‌ಜಿ. 2020ರಲ್ಲಿ ಅದಕ್ಕೆ ಭಾರತದಲ್ಲಿ ಬ್ಯಾನ್ ಬಿತ್ತು, 2021ರಲ್ಲಿ ಬಿಜಿಎಂಐ ಅಂತ ಹೆಸರು ಬದಲಿಸಿ ವಾಪಸ್ ಬಂತು. ಮಕ್ಕಳು ಟಿಪಿಪಿ ಟಿಪಿಪಿ ಅಂತ ಹೇಳುದು ಕೇಳಿರಬಹುದು, ಅದರ ಅರ್ಥ ಇದೇ, ಬೆನ್ನ ಹಿಂದಿನ ನೋಟ.

ಸಿನಿಮಾದಿಂದ ಬಂದ ಗೇಮಿಗೆ ಬೆನ್ನೇ ಯಾಕೆ ಬೇಕು?

ಹುಲಿವೇಷ ಹಾಕಿದವನಿಗೆ ತನ್ನ ಬೆನ್ನಿನ ಪಟ್ಟೆ ಕಾಣುದುಂಟಾ? ಇಲ್ಲ. ಗಂಟೆಗಟ್ಟಲೆ ನಿಂತು ಬಣ್ಣ ಬರೆಸಿಕೊಂಡವ ಅವ, ಚಂದ ನೋಡುದು ರಸ್ತೆ ಬದಿ ನಿಂತ ನಾವು. ಆಕ್ಷನ್ ಸಿನಿಮಾದ ಹೀರೋನ ಕಥೆಯೂ ಅದೇ. ಅವನು ಹಾರುದು, ಜಾರುದು, ಕೋಟಿನ ತುದಿ ಹಾರುದು, ಎರಡು ಕೈಯಲ್ಲಿ ಎರಡು ಪಿಸ್ತೂಲ್ ಹಿಡಿದು ಬೀಳ್ತಾ ಬೀಳ್ತಾ ಗುಂಡು ಹೊಡೆಯುದು, ಇದೆಲ್ಲ ಹೊರಗಿನಿಂದ ನೋಡಿದ್ರೆ ಮಾತ್ರ ಚಂದ. ಅವನ ಕಣ್ಣಿನಿಂದ ನೋಡಿದ್ರೆ ಸೀಲಿಂಗ್ ಒಂದು ಸಲ, ನೆಲ ಒಂದು ಸಲ, ಮಂಡೆ ತಿರುಗ್ತದೆ ಅಷ್ಟೆ.

ಸ್ಟ್ರಾಂಗಲ್‌ಹೋಲ್ಡ್ ಹುಟ್ಟಿದ್ದು ಹಾರ್ಡ್ ಬಾಯ್ಲ್ಡ್ ಅಂತ 1992ರ ಹಾಂಗ್‌ಕಾಂಗ್ ಸಿನಿಮಾದಿಂದ. ಡೈರೆಕ್ಟರ್ ಜಾನ್ ವೂ, ಇನ್ಸ್‌ಪೆಕ್ಟರ್ ಟಕೀಲಾ ಅಂತ ಪೊಲೀಸ್ ಪಾತ್ರ ಮಾಡಿದ್ದು ಚೌ ಯುನ್ ಫ್ಯಾಟ್. ಸಿನಿಮಾದ ಶುರುವಿಗೇ ಒಂದು ಟೀ ಅಂಗಡಿಯಲ್ಲಿ ಗುಂಡಿನ ಕಾಳಗ, ಅಲ್ಲಿ ಹೀರೋ ಮೆಟ್ಟಿಲಿನ ಕೈಪಿಡಿ ಮೇಲೆ ಜಾರ್ತಾ ಎರಡು ಕೈಯಲ್ಲೂ ಗುಂಡು ಹಾರಿಸ್ತಾ ಕೆಳಗೆ ಬರ್ತಾನೆ. ಗೇಮಿನಲ್ಲಿ ಆ ಜಾರುದು ನೀವೇ ಮಾಡ್ಬಹುದು, ಸೀಲಿಂಗಿನ ದೊಡ್ಡ ದೀಪಕ್ಕೆ ನೇತಾಡ್ಬಹುದು, ತಳ್ಳುಗಾಡಿ ಮೇಲೆ ಮಲಗಿ ಉರುಳಿಕೊಂಡು ಹೋಗ್ತಾ ಹೊಡೀಬಹುದು. ಅದೇ ನಟನ ಮುಖ, ಅದೇ ನಟನ ಧ್ವನಿ. ಆ ಮುಖಕ್ಕೆ ದುಡ್ಡು ಕೊಟ್ಟು ತಂದ ಮೇಲೆ ಸ್ಕ್ರೀನಿನಲ್ಲಿ ತೋರಿಸದೆ ಇದ್ರೆ ಆಗ್ತದಾ, ಅದು ಇನ್ನೊಂದು ಕಾರಣ!

ಇನ್ನೊಂದು ವಿಷಯ ಉಂಟು, ಇದು ನಂಗೆ ಭಾರಿ ಇಷ್ಟ. ಆ ಸಿನಿಮಾದಲ್ಲಿ ಆಸ್ಪತ್ರೆಯ ಒಂದು ಸೀನು, ಕಟ್ ಇಲ್ಲದೆ ಎರಡೂವರೆ ನಿಮಿಷಕ್ಕಿಂತ ಜಾಸ್ತಿ ಒಂದೇ ಶಾಟ್. ಕ್ಯಾಮೆರಾ ಇಬ್ಬರು ಪೊಲೀಸರ ಜೊತೆ ಕಾರಿಡಾರಿನಲ್ಲಿ ಹೋಗ್ತಾ ಇರ್ತದೆ, ನಡುವೆ ಅವರು ಲಿಫ್ಟಿಗೆ ಹತ್ತುತ್ತಾರೆ, ಬಾಗಿಲು ಮುಚ್ತದೆ, ಒಳಗೆ ಮಾತಾಡ್ತಾರೆ, ಬಾಗಿಲು ತೆರೆದ್ರೆ ಬೇರೆ ಮಾಳಿಗೆ. ಅಸಲಿಗೆ ಲಿಫ್ಟ್ ಎಲ್ಲಿಗೂ ಹೋಗಿಲ್ಲ, ಬಾಗಿಲು ಮುಚ್ಚಿದ ಆ ಕೆಲವು ಸೆಕೆಂಡಿನಲ್ಲಿ ಹೊರಗೆ ಸೆಟ್ಟಿನ ಹುಡುಗರು ಓಡಾಡಿ ಅದೇ ಕಾರಿಡಾರನ್ನು ಬೇರೆ ಮಾಳಿಗೆ ಹಾಗೆ ಕಾಣುವಂತೆ ಬದಲಿಸಿದ್ದು. ಮುಂದೆ ವೀಡಿಯೋ ಗೇಮ್‌ಗಳೂ ಇದೇ ಉಪಾಯ ಮಾಡಿದವು. ಗೇಮಿನಲ್ಲಿ ಹೀರೋ ಲಿಫ್ಟಿನಲ್ಲಿ ಸುಮ್ಮನೆ ನಿಂತಿರುವಾಗ ಹಿಂದೆ ಕಂಪ್ಯೂಟರು ಮುಂದಿನ ಜಾಗವನ್ನು ಡಿಸ್ಕಿನಿಂದ ಎತ್ತಿ ತರ್ತಾ ಇರ್ತದೆ. 2007ರ ಮಾಸ್ ಎಫೆಕ್ಟ್ ಅನ್ನುವ ಗೇಮಿನ ಲಿಫ್ಟ್ ಎಷ್ಟು ನಿಧಾನ ಅಂದ್ರೆ ಜನ ಇವತ್ತಿಗೂ ತಮಾಷೆ ಮಾಡ್ತಾರೆ.

ಕ್ಯಾಮೆರಾ ಎಲ್ಲಿ ಕೂತಿದೆ, ಗೋಡೆಗೆ ತಾಗುದಿಲ್ವಾ?

ಹೀರೋನ ಬೆನ್ನಿಗೆ ಒಂದು ಕಾಣದ ಸೆಲ್ಫಿ ಸ್ಟಿಕ್ ಕಟ್ಟಿದ್ದಾರೆ ಅಂತ ತಿಳ್ಕೊಳ್ಳಿ, ಅದರ ತುದಿಯಲ್ಲಿ ಕ್ಯಾಮೆರಾ. ಬಯಲಿನಲ್ಲಿ ಸ್ಟಿಕ್ ಉದ್ದ ಇರ್ತದೆ. ಹೀರೋ ಗೋಡೆಗೆ ಬೆನ್ನು ಕೊಟ್ಟು ನಿಂತ್ರೆ ಕ್ಯಾಮೆರಾ ಗೋಡೆ ಒಳಗೆ ಹೋಗ್ಬೇಕಾಗ್ತದೆ, ಹಾಗಾದ್ರೆ ಸ್ಕ್ರೀನಿನಲ್ಲಿ ಬರೀ ಇಟ್ಟಿಗೆ. ಅದಕ್ಕೆ ಗೇಮು ಪ್ರತಿ ಕ್ಷಣ ಆ ಸ್ಟಿಕ್ಕಿನ ದಾರಿಯಲ್ಲಿ ಏನಾದ್ರೂ ಅಡ್ಡ ಉಂಟಾ ಅಂತ ನೋಡ್ತದೆ, ಉಂಟಾದ್ರೆ ಸ್ಟಿಕ್ಕನ್ನು ಗಿಡ್ಡ ಮಾಡ್ತದೆ. ಪರ್ಯಾಯದ ರಾತ್ರಿ ಉಡುಪಿ ರಥಬೀದಿಯ ಜನಜಂಗುಳಿಯಲ್ಲಿ ಕೈ ಬೀಸಿ ನಡೆಯುವವರು ಕೂಡ ಕೈ ಎದೆಗೆ ಎಳ್ಕೊಳ್ತಾರಲ್ಲ, ಹಾಗೆ. ಹಳೇ ಗೇಮ್‌ಗಳಲ್ಲಿ ಮೂಲೆಗೆ ಹೋದ್ರೆ ಕ್ಯಾಮೆರಾ ಹುಚ್ಚು ಹಿಡಿದ ಹಾಗೆ ತಿರುಗುದು ಈ ಲೆಕ್ಕ ತಪ್ಪಿದ್ದಕ್ಕೆ.

2005ರಲ್ಲಿ ರೆಸಿಡೆಂಟ್ ಈವಿಲ್ 4 ಅಂತ ಜಪಾನಿನ ಗೇಮ್ ಬಂತು. ಅದು ಕ್ಯಾಮೆರಾವನ್ನು ಬೆನ್ನಿನಿಂದ ತಂದು ಬಲ ಭುಜದ ಹತ್ರ ಇಟ್ಟಿತು. ಹೀರೋ ಸ್ವಲ್ಪ ಎಡಕ್ಕೆ ಸರಿದ, ಗುರಿ ಇಡ್ಲಿಕ್ಕೆ ಎದುರು ಜಾಗ ಸಿಕ್ಕಿತು, ಅವತ್ತಿನಿಂದ ಈ ಜಾತಿಯ ಹೆಚ್ಚಿನ ಗೇಮ್‌ಗಳು ಹಾಗೆಯೇ.

ಗುರಿ ಸರಿ ಇದ್ರೂ ಗುಂಡು ಕಂಬಕ್ಕೆ ಯಾಕೆ ಬಡೀತದೆ?

ಭಾವನಿಗೆ ಪ್ಯಾಡ್, ಅಂದ್ರೆ ಎರಡು ಕೈಯಲ್ಲಿ ಹಿಡಿದು ಗೇಮ್ ಆಡುವ ಕಂಟ್ರೋಲರ್, ಕೊಟ್ಟೆವು. ಮೊದಲ ಎರಡು ನಿಮಿಷ ಹೀರೋ ಆಕಾಶ ನೋಡ್ತಾ ಸುತ್ತು ತಿರುಗಿದ, ಯಾಕಂದ್ರೆ ಎಡ ಹೆಬ್ಬೆರಳು ನಡಿಗೆಗೆ, ಬಲ ಹೆಬ್ಬೆರಳು ನೋಟಕ್ಕೆ, ಎರಡೂ ಒಟ್ಟಿಗೆ ಮಾಡುದು ಅಭ್ಯಾಸ ಇಲ್ಲದವರಿಗೆ ಸೈಕಲ್ ಕಲ್ತ ಹಾಗೆ. ಆಮೇಲೆ ಗುರಿ ಇಟ್ರು, ಸ್ಕ್ರೀನಿನ ನಡುವಿನ ಚುಕ್ಕೆ ಸರಿಯಾಗಿ ವಿಲನ್ ಎದೆ ಮೇಲೆ, ಒತ್ತಿದ್ರು, ಗುಂಡು ಹೋಗಿ ಹತ್ತಿರದ ಕಂಬಕ್ಕೆ! "ಮೋಸ ಇದು," ಅಂದ್ರು.

ಮೋಸ ಅಲ್ಲ. ದೋಟಿಯಲ್ಲಿ ಮಾವಿನಕಾಯಿ ಕೊಯ್ಯುವಾಗ ಎಂತ ಆಗ್ತದೆ? ಕಣ್ಣಿಗೆ ಮಾವಿನಕಾಯಿ ಸರಿಯಾಗಿ ಕಾಣ್ತದೆ, ನಡುವೆ ಏನೂ ಇಲ್ಲ. ಆದ್ರೆ ದೋಟಿ ಹೊರಡುದು ಕಣ್ಣಿನಿಂದ ಅಲ್ಲ, ಕೈಯಿಂದ. ಕೈಯ ದಾರಿಯಲ್ಲಿ ಒಂದು ಗೆಲ್ಲು ಇದ್ರೆ ದೋಟಿ ಅದಕ್ಕೆ ತಾಗಿ ನಿಲ್ತದೆ. ಇಲ್ಲಿಯೂ ಕಣ್ಣು ಅಂದ್ರೆ ಕ್ಯಾಮೆರಾ, ಅದು ಭುಜದ ಹಿಂದೆ ಮೇಲೆ ಉಂಟು, ಕೈ ಅಂದ್ರೆ ಪಿಸ್ತೂಲಿನ ಬಾಯಿ, ಅದು ಮುಂದೆ ಕೆಳಗೆ. ಹಾಗಾಗಿ ಇಂಥ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಎರಡು ಗೆರೆ ಎಳೀತಾರೆ. ಮೊದಲನೇ ಗೆರೆ ಕ್ಯಾಮೆರಾದಿಂದ ಚುಕ್ಕೆಯ ಮೂಲಕ, ನೀವು ಯಾರನ್ನು ನೋಡ್ತಿದ್ದೀರಿ ಅಂತ ತಿಳೀಲಿಕ್ಕೆ. ಎರಡನೇದು ಪಿಸ್ತೂಲಿನಿಂದ ಆ ಜಾಗಕ್ಕೆ, ಗುಂಡು ಹೋಗ್ಲಿಕ್ಕೆ. ಎರಡನೇ ಗೆರೆಯಲ್ಲಿ ಕಂಬ ಬಂದ್ರೆ ಕಂಬಕ್ಕೇ ಏಟು. ಒಂದು ಹೆಜ್ಜೆ ಪಕ್ಕಕ್ಕೆ ಸರಿದ್ರೆ ಆಯ್ತು.

ಇದರ ಉಲ್ಟಾ ಲಾಭವೂ ಉಂಟು. ಹೀರೋ ಗೋಡೆ ಹಿಂದೆ ಪೂರ್ತಿ ಅಡಗಿದ್ರೂ ಕ್ಯಾಮೆರಾ ಮೇಲಿಂದ ಆಚೆ ಬದಿ ನೋಡ್ತದೆ, ತಲೆ ಹೊರಗೆ ಹಾಕದೆ ಯಾರು ಬರ್ತಿದ್ದಾರೆ ಅಂತ ಗೊತ್ತಾಗ್ತದೆ. ಒಬ್ಬರಿಗೊಬ್ಬರು ಆಡುವ ಗೇಮ್‌ಗಳಲ್ಲಿ ಇದರ ಬಗ್ಗೆ ದೊಡ್ಡ ಜಗಳ, ಅದಕ್ಕೇ ಕೆಲವರು ಫಸ್ಟ್ ಪರ್ಸನ್ ಮೋಡ್ ಬೇರೆ ಇಟ್ಟಿದ್ದು.

ಸ್ಲೋ ಮೋಷನ್: ಸಿನಿಮಾದ್ದೇ ಬೇರೆ, ಗೇಮಿನದ್ದೇ ಬೇರೆ

ಸಿನಿಮಾ ಸೆಕೆಂಡಿಗೆ 24 ಚಿತ್ರ ತೋರಿಸ್ತದೆ. ನಾಲ್ಕು ಪಟ್ಟು ನಿಧಾನ ಬೇಕಾದ್ರೆ ಶೂಟಿಂಗಲ್ಲಿ ಸೆಕೆಂಡಿಗೆ 96 ಚಿತ್ರ ತೆಗೆದು 24ರಂತೆ ಓಡಿಸುದು. 1999ರ ದಿ ಮ್ಯಾಟ್ರಿಕ್ಸ್ ಸಿನಿಮಾದವರು ಇನ್ನೂ ಮುಂದೆ ಹೋಗಿ ನೂರಕ್ಕೂ ಹೆಚ್ಚು ಸ್ಟಿಲ್ ಕ್ಯಾಮೆರಾಗಳನ್ನು ಹೀರೋನ ಸುತ್ತ ಜೋಡಿಸಿ, ಅವನು ಗಾಳಿಯಲ್ಲಿ ವಾಲಿರುವಾಗ ನೋಟ ಸುತ್ತು ಬರುವ ಹಾಗೆ ಮಾಡಿದ್ರು. ಅದಕ್ಕೆ ಬುಲೆಟ್ ಟೈಮ್ ಅಂತ ಹೆಸರು ಬಿತ್ತು. ಗೇಮಿಗೆ ಅಷ್ಟು ಕಷ್ಟ ಇಲ್ಲ, ಅಲ್ಲಿ ಇಡೀ ಜಗತ್ತೇ ಕಂಪ್ಯೂಟರ್ ಲೆಕ್ಕದಲ್ಲಿ ಉಂಟು, ಕ್ಯಾಮೆರಾ ಎಲ್ಲಿ ಬೇಕಾದ್ರೂ ಇಡ್ಬಹುದು.

ಗೇಮು ಸೆಕೆಂಡಿಗೆ 60 ಚಿತ್ರ ಬಿಡಿಸ್ತದೆ ಅಂತ ಇಟ್ಕೊಳ್ಳಿ. ಪ್ರತಿ ಚಿತ್ರಕ್ಕೆ ಮೊದಲು ಜಗತ್ತನ್ನು ಸೆಕೆಂಡಿನ 60ನೇ ಒಂದು ಭಾಗ ಮುಂದೆ ದೂಡ್ತದೆ, ಗುಂಡು ಇಷ್ಟು ದೂರ, ವಿಲನ್ ಇಷ್ಟು ಹೆಜ್ಜೆ ಅಂತ. ಸ್ಲೋ ಮೋಷನ್ ಬಟನ್ ಒತ್ತಿದ್ರೆ ಚಿತ್ರ 60ಕ್ಕೆ 60 ಬರ್ತದೆ, ಆದ್ರೆ ಜಗತ್ತನ್ನು ಅದರ ಒಂದು ಪಾಲು ಮಾತ್ರ ಮುಂದೆ ದೂಡ್ತದೆ. ಅಷ್ಟೇ ಗುಟ್ಟು. ಅದರಲ್ಲಿ ನಿಮ್ಮ ಹೆಬ್ಬೆರಳಿನ ವೇಗ ಮಾತ್ರ ಕಮ್ಮಿ ಆಗುದಿಲ್ಲ! ನಮ್ಮಲ್ಲಿ ಅಂಡರ್ ಆರ್ಮ್ ಕ್ರಿಕೆಟ್ ಟೂರ್ನಮೆಂಟ್ ಆಗ್ತದಲ್ಲ, ಬಾಲು ನಿಧಾನ ಬರ್ತದೆ, ಬ್ಯಾಟು ಮಾತ್ರ ಮೊದಲಿನ ಸ್ಪೀಡಲ್ಲೇ ಬೀಸ್ತದೆ, ಹಾಗೆ ಆಗ್ತದೆ. ಸಿನಿಮಾದಲ್ಲಿ ಸ್ಲೋ ಮೋಷನ್ ಇರುದು ಚಂದಕ್ಕೆ, ಗೇಮಿನಲ್ಲಿ ಅದು ಒಂದು ಆಯುಧ.

ಇದನ್ನು ದೊಡ್ಡದಾಗಿ ಹೆಸರು ಮಾಡಿದ್ದು 2001ರ ಮ್ಯಾಕ್ಸ್ ಪೇನ್, ಫಿನ್ಲೆಂಡಿನ ರೆಮಿಡಿಯವರದ್ದು. ಅದು ಸಿನಿಮಾದಿಂದ ಬಂದ ಗೇಮ್ ಅಲ್ಲ, ಆದ್ರೆ ಹಾಂಗ್‌ಕಾಂಗ್ ಸಿನಿಮಾಗಳ ಗುಂಡಿನ ಕಾಳಗದಿಂದಲೇ ಕಲ್ತದ್ದು. ಸ್ಟ್ರಾಂಗಲ್‌ಹೋಲ್ಡಿನಲ್ಲಿ ಇದಕ್ಕೆ ಟಕೀಲಾ ಟೈಮ್ ಅಂತ ಹೆಸರು. ಸ್ಟೈಲಾಗಿ, ಜಾರ್ತಾ ಹಾರ್ತಾ ಹೊಡೆದ್ರೆ ಅಂಕ ಸಿಗ್ತದೆ, ಆ ಅಂಕದಿಂದ ಮೀಟರ್ ತುಂಬ್ತದೆ, ಅದು ಖರ್ಚು ಮಾಡಿದ್ರೆ ವಿಶೇಷ ಏಟು. ಒಂದು ವಿಶೇಷ ಏಟಿನಲ್ಲಿ ಹೀರೋ ಸುತ್ತು ತಿರುಗಿ ಎಲ್ಲರಿಗೂ ಹೊಡೀತಾನೆ, ಆಗ ಬಿಳಿ ಪಾರಿವಾಳ ಹಾರ್ತವೆ, ಎಲ್ಲಿಂದ ಬಂದವು ಅಂತ ಕೇಳ್ಬಾರ್ದು. ಜಾನ್ ವೂ ಸಿನಿಮಾ ನೋಡಿದವರಿಗೆ ಪಾರಿವಾಳ ಗೊತ್ತಿರ್ತದೆ.

2006ರ ಗಿಯರ್ಸ್ ಆಫ್ ವಾರ್ ಬಂದ ಮೇಲೆ ಬೇರೆ ಥರ್ಡ್ ಪರ್ಸನ್ ಶೂಟರ್‌ಗಳು ಹೆಚ್ಚಾಗಿ ಅಡ್ಡ ಗೋಡೆಗೆ ಅಂಟಿ ಕೂತು ಆಡುವ ಗೇಮ್ ಆದವು. ಸ್ಟ್ರಾಂಗಲ್‌ಹೋಲ್ಡ್ ಹಾಗಲ್ಲ, ಇಲ್ಲಿ ಅಡಗಿ ಕೂತ್ರೆ ಅಂಕ ಇಲ್ಲ.

ವಿಲನ್‌ಗಳು ಸರದಿಯಲ್ಲಿ ಯಾಕೆ ಬರ್ತಾರೆ?

ಭಾವನ ಇನ್ನೊಂದು ಪ್ರಶ್ನೆ, "ಇಪ್ಪತ್ತು ಜನ ಇದ್ದಾರೆ, ಒಟ್ಟಿಗೆ ಹೊಡೆದ್ರೆ ಇವ ಸತ್ತೇ ಹೋದ, ಯಾಕೆ ಹೊಡೆಯುದಿಲ್ಲ?" ಸಿನಿಮಾದಲ್ಲೂ ರೌಡಿಗಳು ಒಬ್ಬೊಬ್ಬರೇ ಬಂದು ಪೆಟ್ಟು ತಿಂದು ಹೋಗ್ತಾರೆ ಅಂತ ನಾವು ನಗ್ತೇವೆ. ಗೇಮಿನಲ್ಲಿ ಅದನ್ನು ಬೇಕಂತಲೇ ಲೆಕ್ಕ ಹಾಕಿ ಮಾಡ್ತಾರೆ. ಡಾಕ್ಟರ ಕ್ಲಿನಿಕ್ಕಿನ ಟೋಕನ್ ಹಾಗೆ, ಎಷ್ಟೋ ಗೇಮ್‌ಗಳಲ್ಲಿ ಎರಡೋ ಮೂರೋ ಟೋಕನ್ ಇಟ್ಟಿರ್ತಾರೆ, ಟೋಕನ್ ಸಿಕ್ಕಿದ ಶತ್ರುವಿಗೆ ಮಾತ್ರ ನಿಜವಾಗಿ ದಾಳಿ ಮಾಡುವ ಹಕ್ಕು. ಉಳಿದವರು ಹೊರಗೆ ಬೆಂಚಿನಲ್ಲಿ ಕೂತು ಕೆಮ್ಮುವವರ ಹಾಗೆ, ಬೊಬ್ಬೆ ಹಾಕ್ತಾರೆ, ಆಚೀಚೆ ಓಡ್ತಾರೆ, ಗುಂಡು ಹಾರಿಸಿದ್ರೂ ಪಕ್ಕದ ಗೋಡೆಗೆ. ಎಲ್ಲರೂ ಸರಿಯಾಗಿ ಗುರಿ ಇಟ್ರೆ ನಾಲ್ಕು ಸೆಕೆಂಡಿನಲ್ಲಿ ಗೇಮ್ ಓವರ್, ಯಾರು ಆಡ್ತಾರೆ ಅದನ್ನು?

ಸಿನಿಮಾದ ಹೆಸರಿನ ಗೇಮ್ ಹೆಚ್ಚಾಗಿ ಹಾಳಾಗುದು ಯಾಕೆ?

ಮುಖ್ಯ ಕಾರಣ ತಾರೀಕು. ಸಿನಿಮಾ ರಿಲೀಸ್ ಯಾವಾಗ ಅಂತ ಮೊದಲೇ ನಿಶ್ಚಯ ಆಗಿರ್ತದೆ, ಗೇಮು ಅದೇ ಹೊತ್ತಿಗೆ ಅಂಗಡಿಗೆ ಬರ್ಬೇಕು, ಅಡುಗೆ ಬೆಂದಿದೆಯಾ ಇಲ್ವಾ ನೋಡ್ಲಿಕ್ಕಿಲ್ಲ, ಜನ ಎಲೆ ಎದುರು ಕೂತಾಗಿದೆ. ದೊಡ್ಡ ಉದಾಹರಣೆ 1982ರ ಇ.ಟಿ. ಅದೇ ವರ್ಷದ ಸಿನಿಮಾದ ಮೇಲೆ ಅಟಾರಿ ಕಂಪೆನಿ ತಂದ ಗೇಮ್, ಕ್ರಿಸ್ಮಸ್ ಮಾರಾಟಕ್ಕೆ ಬೇಕು ಅಂತ ಬರೀ ಐದು ವಾರದಲ್ಲಿ ಒಬ್ಬ ಪ್ರೋಗ್ರಾಮರ್ ಮಾಡಿ ಮುಗಿಸಿದ. ಗೇಮ್ ಸೋತಿತು, ಮಾರಾಟ ಆಗದೆ ಉಳಿದ ರಾಶಿ ಕಾರ್ಟ್ರಿಜ್‌ಗಳನ್ನು, ಅಂದ್ರೆ ಗೇಮ್ ತುಂಬಿದ ಪ್ಲಾಸ್ಟಿಕ್ ಡಬ್ಬಿಗಳನ್ನು, ಅಮೆರಿಕದ ನ್ಯೂ ಮೆಕ್ಸಿಕೋದ ಆಲಮೊಗಾರ್ಡೋ ಊರಿನ ಕಸದ ಗುಂಡಿಯಲ್ಲಿ ಹೂತರು, 2014ರಲ್ಲಿ ಅಗೆದು ನೋಡಿದ್ರೆ ನಿಜಕ್ಕೂ ಸಿಕ್ಕಿತು.

2003ರ ಎಂಟರ್ ದಿ ಮ್ಯಾಟ್ರಿಕ್ಸ್ ಬೇರೆ ದಾರಿ ಹಿಡಿಯಿತು. ಮ್ಯಾಟ್ರಿಕ್ಸ್ ಎರಡನೇ ಸಿನಿಮಾ ಬಂದ ದಿನವೇ ಗೇಮೂ ಬಂತು, ಕಥೆ ಬರೆದದ್ದು ಸಿನಿಮಾದ ಡೈರೆಕ್ಟರ್‌ಗಳೇ, ಗೇಮಿಗಾಗಿಯೇ ಸುಮಾರು ಒಂದು ಗಂಟೆಯ ದೃಶ್ಯ ಬೇರೆ ಶೂಟ್ ಮಾಡಿದ್ರು. ಹೀರೋ ನಿಯೋ ಆಗಿ ಆಡ್ಲಿಕ್ಕೆ ಇಲ್ಲ, ಪಕ್ಕದ ಪಾತ್ರಗಳಾದ ನಿಯೋಬಿ, ಘೋಸ್ಟ್ ಅವರ ಕಥೆ ಆಡುದು. ಐಡಿಯಾ ಒಳ್ಳೆಯದೇ, ಆದ್ರೆ ಅವಸರದ ಬಗ್‌ಗಳು, ಅಂದ್ರೆ ಪ್ರೋಗ್ರಾಮಿನ ತಪ್ಪುಗಳು, ಕಂಡವು. ಇದಕ್ಕೆ ಎದುರು ಗೋಲ್ಡನ್‌ಐ 007 ನೋಡಿ, ಬಾಂಡ್ ಸಿನಿಮಾ 1995ರದ್ದು, ಗೇಮು ಬಂದದ್ದು 1997ರಲ್ಲಿ, ತಡ ಆದ್ರೂ ಜನ ಇವತ್ತಿಗೂ ಹೊಗಳ್ತಾರೆ. ಅದು ಫಸ್ಟ್ ಪರ್ಸನ್, ಆದ್ರೂ ಲೆಕ್ಕ ಅದೇ. ಸ್ಟ್ರಾಂಗಲ್‌ಹೋಲ್ಡ್ ಅಂತೂ ಸಿನಿಮಾ ಬಂದು 15 ವರ್ಷ ಕಳೆದು ಬಂದದ್ದು, ಯಾವ ರಿಲೀಸ್ ತಾರೀಕಿನ ತಲೆಬಿಸಿಯೂ ಇರ್ಲಿಲ್ಲ.

ನಮ್ಮ ದೇಶದಲ್ಲೂ ಪ್ರಯತ್ನ ಆಗಿದೆ. ಆಮಿರ್ ಖಾನ್ ಅವರ 2008ರ ಘಜಿನಿಯ ಮೇಲೆ ಹೈದರಾಬಾದಿನ ಎಫ್‌ಎಕ್ಸ್ ಲ್ಯಾಬ್ಸ್‌ನವರು ಪಿಸಿಗೆ ಒಂದು ಥರ್ಡ್ ಪರ್ಸನ್ ಆಕ್ಷನ್ ಗೇಮ್ ಮಾಡಿದ್ರು.

ಕೆಲವು ಗೇಮ್ ಅಂಗಡಿಯಿಂದ ಮಾಯ ಆಗುದು ಹೇಗೆ?

ಇದಕ್ಕೆ ಲೈಸೆನ್ಸ್ ಕಾರಣ. ನಮ್ಮ ಹಿರಿಯರು ಗೇಣಿಗೆ ಗದ್ದೆ ಮಾಡಿದ ಹಾಗೆ, ಬಿತ್ತಿದ್ದು ಬೆಳೆದದ್ದು ನೀವೇ ಆದ್ರೂ ಭೂಮಿ ಧಣಿಗಳದ್ದು. ಗೇಮ್ ಮಾಡಿದವರು ಒಬ್ಬರು, ಸಿನಿಮಾದ ಹೆಸರು ಇನ್ನೊಬ್ಬರದ್ದು, ನಟನ ಮುಖಕ್ಕೆ ಬೇರೆ ಒಪ್ಪಂದ, ಹಾಡಿಗೆ ಬೇರೆ. ಅವಧಿ ಮುಗಿದ್ರೆ ಮಾರ್ಲಿಕ್ಕಿಲ್ಲ. ಆಕ್ಟಿವಿಷನ್ ಮಾಡಿದ ಬಾಂಡ್ ಗೇಮ್‌ಗಳು 2013ರಲ್ಲಿ ಹೀಗೆಯೇ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಿಂದ ಇಳಿದವು. ಸ್ಟ್ರಾಂಗಲ್‌ಹೋಲ್ಡ್ ಮಾಡಿದ ಮಿಡ್‌ವೇ ಕಂಪೆನಿ 2009ರಲ್ಲಿ ದಿವಾಳಿ ಆಯ್ತು, ಆಸ್ತಿಯ ದೊಡ್ಡ ಪಾಲು ವಾರ್ನರ್ ಬ್ರದರ್ಸ್ ತಗೊಂಡಿತು, ಗೇಮು ತುಂಬ ವರ್ಷ ಡೌನ್‌ಲೋಡ್‌ಗೆ ಸಿಕ್ಕದೆ 2019ರಲ್ಲಿ ಗಾಗ್ ಅನ್ನುವ ತಾಣದಲ್ಲಿ ಮತ್ತೆ ಬಂತು. ಇಷ್ಟು ಹಳೇದಾದ್ದರಿಂದ ದೊಡ್ಡ ಕಂಪ್ಯೂಟರ್ ಬೇಕಂತಿಲ್ಲ.

ವಯಸ್ಸಿನ ಗುರುತು, ಮತ್ತೆ ಊಟಕ್ಕೆ ಕರೆದ್ರೆ ಎಂತ?

ಡಬ್ಬದ ಮೇಲೆ ಎಂ ಅಂತ ಇದ್ರೆ ಅದು ಅಮೆರಿಕದ ಇಎಸ್ಆರ್‌ಬಿ ಅನ್ನುವ, ಗೇಮ್‌ಗಳಿಗೆ ವಯಸ್ಸಿನ ಗುರುತು ಹಾಕುವ ಸಂಸ್ಥೆಯ ಗುರುತು, 17 ವರ್ಷ ಮೇಲ್ಪಟ್ಟವರಿಗೆ ಅಂತ ಅರ್ಥ. ಈ ಗೇಮಿಗೆ ಅದೇ ಗುರುತು, ರಕ್ತ ಉಂಟು, ಬೈಗುಳ ಉಂಟು. ಅಕ್ಕನ ಮಗನಿಗೆ ಹದಿನೇಳು ಆಗಿದೆ, ಅವನ ತಂಗಿಯನ್ನು ಆಚೆ ಕೋಣೆಗೆ ಕಳಿಸಿದ್ರು.

ಇನ್ನೊಂದು ತಿಳಿದಿರಬೇಕಾದ್ದು, ಬಿಜಿಎಂಐ ಹಾಗೆ ನೆಟ್ಟಲ್ಲಿ ಬೇರೆಯವರ ಜೊತೆ ಆಡುವ ಮ್ಯಾಚನ್ನು ನಡುವೆ ನಿಲ್ಲಿಸ್ಲಿಕ್ಕೆ ಆಗುದಿಲ್ಲ, ಅಲ್ಲಿ "ಒಂದು ನಿಮಿಷ ಅಮ್ಮಾ" ಅನ್ನುದು ಸುಳ್ಳಲ್ಲ. ಒಬ್ಬನೇ ಆಡುವ ಕಥೆಯ ಗೇಮಿನಲ್ಲಿ ಪಾಸ್ ಬಟನ್ ಉಂಟು, ಅಲ್ಲಿ ಅದು ಪಕ್ಕಾ ಸುಳ್ಳು. ಇದು ಗೊತ್ತಾದ ಮೇಲೆ ಅಕ್ಕ ಮಗನನ್ನು ನೋಡಿದ ನೋಟ ನಾನು ಇಲ್ಲಿ ಬರೆಯುದಿಲ್ಲ.

ಪಾಸ್ ಬೇರೆ, ಸೇವ್ ಬೇರೆ. ಇಂಥ ಗೇಮ್‌ಗಳಲ್ಲಿ ಬೇಕಾದಲ್ಲಿ ಸೇವ್ ಮಾಡ್ಲಿಕ್ಕೆ ಸಿಗುದು ಕಮ್ಮಿ, ಚೆಕ್‌ಪಾಯಿಂಟ್ ಅಂತ ಕೆಲವು ಜಾಗ ದಾಟಿದಾಗ ತಾನೇ ಸೇವ್ ಆಗ್ತದೆ, ಸತ್ರೆ ಅಲ್ಲಿಂದ ಪುನಃ. ಮಧ್ಯಾಹ್ನದ ಹೊತ್ತಿಗೆ ಹುಡುಗ ತಾಯ್ ಓ ಅನ್ನುವ ಜಾಗಕ್ಕೆ ತಲುಪಿದ್ದ. ಅದು ಹಾಂಗ್‌ಕಾಂಗಿನಲ್ಲಿ ನಿಜವಾಗಿ ಇರುವ ಮೀನುಗಾರರ ಊರು, ನೀರಿನ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಮನೆಗಳು, ಗೇಮಿನಲ್ಲಿ ಅವೆಲ್ಲ ಗುಂಡು ತಾಗಿ ಪುಡಿ ಪುಡಿ ಆಗ್ತವೆ. ಭಾವ ಗೋಳಿಬಜೆ ಬಿಟ್ಟು ಕುರ್ಚಿ ಹತ್ರ ಎಳ್ಕೊಂಡು ಬಂದು, ಗುಂಡು ಬಿಡಿ, ಬೋಟು ಕಟ್ಟಿದ ರೀತಿ ನೋಡ್ತಾ ಕೂತ್ರು, ಇಂಥಾ ಗಾಳಿಗೆ ಹೀಗೆ ಕಟ್ಟಿದ್ರೆ ಉಳೀತದಾ ಅಂತ ಅವರದ್ದೇ ಒಂದು ತನಿಖೆ. ಅಷ್ಟರಲ್ಲಿ ಕರೆಂಟ್ ಹೋಯ್ತು. ನಾಲ್ಕು ಗಂಟೆಗೆ ಬಂತು, ಗೇಮ್ ಹಾಕಿದ್ರೆ ಹಿಂದಿನ ಚೆಕ್‌ಪಾಯಿಂಟಿನಿಂದ ಶುರು, ಹುಡುಗ ಪ್ಯಾಡ್ ಬಿಸಾಡಿ ಎದ್ದ. ಭಾವ ಪ್ಯಾಡ್ ತಗೊಂಡು, ಎಡ ಹೆಬ್ಬೆರಳು ಯಾವುದಕ್ಕೆ ಅಂದೆ ಅಂತ ಇನ್ನೊಮ್ಮೆ ಕೇಳಿದ್ರು.